ಕೆನಡಾ ಪ್ರಬಂಧಕ್ಕೆ ಮೊದಲ ಹೆಸರು

ಅನಸೂಯ ವರ್ಷಗಟ್ಟಲೆ ಕೂತು ಕೆನಡಾದ ಆರೋಗ್ಯ ನೀತಿಯ ಮೇಲೆ ಪ್ರಬಂಧ ಬರೆದಳು. ಅವಳ ಮಾರ್ಗದರ್ಶಕರಾದ ಡಾ. ತಿಪ್ಪೇರುದ್ರಪ್ಪನವರು ಶೀರ್ಷಿಕೆಯನ್ನಷ್ಟೇ ಓದಿ, "ನನ್ನ ಹೆಸರು ಮೊದಲು ಹಾಕಮ್ಮ, ಅದು ಪದ್ಧತಿ" ಎಂದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬರೆಯುವುದು ಶಿಷ್ಯರ ಕರ್ತವ್ಯ, ಬರೆದವರಾಗುವುದು ಗುರುಗಳ ಹಕ್ಕು. ಹಕ್ಕು ತಪ್ಪಿದರೆ ಪಿಎಚ್.ಡಿ.ಗೆ ಸಹಿ ಬೀಳುವುದಿಲ್ಲ.

ಅನಸೂಯ ವಾದಿಸಲಿಲ್ಲ. ಹೇಳಿದಂತೆಯೇ ಹೆಸರು ಹಾಕಿ ದೆಹಲಿಯ ವಿಚಾರ ಸಂಕಿರಣಕ್ಕೆ ಕಳಿಸಿದಳು. ಒಪ್ಪಿಗೆ ಬಂದ ದಿನ ಪೇಡೆ ಹಿಡಿದು ಅವರ ಕೋಣೆಗೆ ಹೋದಳು.

"ಸರ್, ಮೊದಲ ಹೆಸರಿನವರೇ ಪ್ರಬಂಧ ಮಂಡಿಸಬೇಕಂತೆ. ಆಮೇಲೆ ಅರ್ಧ ಗಂಟೆ ಪ್ರಶ್ನೆ. ಕೆನಡಾದಿಂದಲೇ ಇಬ್ಬರು ಪ್ರಾಧ್ಯಾಪಕರು ಬರ್ತಿದ್ದಾರೆ."

ಸರ್ ಬಾಯಿಗಿಟ್ಟ ಪೇಡೆ ಅಲ್ಲೇ ನಿಂತಿತು.

"ಅವರು ಏನು ಕೇಳಬಹುದಮ್ಮ?"

"ಆಸ್ಪತ್ರೆ ಖರ್ಚಿಗೆ ಅಲ್ಲಿ ಕೇಂದ್ರಕ್ಕೂ ಪ್ರಾಂತ್ಯಗಳಿಗೂ ಜಗಳ ಇದೆಯಲ್ಲ ಸರ್, ಅದನ್ನೇ. ನಿಮಗೆ ಗೊತ್ತಿರೋದೇ."

"ಹಾಗಾದ್ರೆ ನನ್ನ ಹೆಸರು ಎರಡನೆಯದಾಗಿರಲಿ."

"ಎರಡನೆಯವರೂ ವೇದಿಕೆ ಮೇಲೆ ಪಕ್ಕದಲ್ಲೇ ಕೂರಬೇಕು ಸರ್."

ಸರ್ ನೀರು ಕುಡಿದರು. ಧ್ವನಿ ತಗ್ಗಿಸಿದರು.

"ಹೊಸಬರು ಬೆಳೀಬೇಕಮ್ಮ. ನನಗೆ ಕೊನೆಯಲ್ಲಿ ಒಂದು ಸಾಲು ಕೃತಜ್ಞತೆ ಸಾಕು. ಅದರ ಮೇಲೆ ಯಾರೂ ಪ್ರಶ್ನೆ ಕೇಳಲ್ಲ ತಾನೆ?"