ಚುಕ್ಕಿಯವರು ಕಟ್ಟಿದ ಗೋಡೆ

ಲೋಕ ಇನ್ನೂ ಹಸಿಹಸಿಯಾಗಿದ್ದಾಗ, ಹೊಳೆಗೂ ಬೆಂಕಿಗೂ ಮಾತು ಬರುತ್ತಿದ್ದಾಗ, ನೀಲಿ ಎಂಬ ಹೆಣ್ಣುಮಗಳಿದ್ದಳು. ಅವಳ ತಲೆಯೊಳಗೆ ಒಂದು ಊರಿತ್ತು.

ಆ ಊರಲ್ಲಿ ಎರಡು ಬಗೆಯ ಜನ. ಮಿಂಚಿನವರು ಸುದ್ದಿ ಒಯ್ಯುವವರು. ‘ಏಳು’ ಎಂದು ಸುದ್ದಿ ಓಡಿದರೆ ನೀಲಿಯ ಕೈ ಏಳುತ್ತಿತ್ತು. ‘ಹಣ್ಣು’ ಎಂದು ಓಡಿದರೆ ಅವಳ ಬಾಯಲ್ಲಿ ಆ ಮಾತು ಬರುತ್ತಿತ್ತು. ಇನ್ನೊಂದು ಬಗೆಯವರು ಚುಕ್ಕಿಯವರು. ಅವರಿಗೆ ಮೈಯ ಸುತ್ತಲೂ ಕೈಗಳು, ಆಕಾಶದ ಚುಕ್ಕಿಯ ಹಾಗೆ.

ನೆತ್ತರು ಹರಿಯುವ ಕೆಂಪುಹೊಳೆಗೆ ಹೋಗಿ ಸಕ್ಕರೆ ತರುವವರು ಚುಕ್ಕಿಯವರು. ಅದನ್ನು ಮಿಂಚಿನವರಿಗೆ ಉಣಿಸುವವರು ಚುಕ್ಕಿಯವರು. ಮಿಂಚಿನವರು ಓಡುವಾಗ ದಾರಿಯಲ್ಲೆಲ್ಲ ಉಪ್ಪು ಚೆಲ್ಲುತ್ತಿದ್ದರು. ಅದನ್ನು ಗುಡಿಸುವವರೂ ಚುಕ್ಕಿಯವರೇ. ಒಂದು ದಿನ ಗುಡಿಸದೆ ಬಿಟ್ಟಿದ್ದರೆ ಮಿಂಚಿನವರಿಗೆ ಹುಚ್ಚು ಹಿಡಿದು ನೀಲಿ ನಡುಗುತ್ತಾ ಬಿದ್ದುಬಿಡುತ್ತಿದ್ದಳು.

ಆದರೂ ಮಿಂಚಿನವರ ಹಿರಿಯ ಮಿಂಚಯ್ಯ ಏನು ಹೇಳುತ್ತಿದ್ದ ಗೊತ್ತಾ ಮಗಳೇ?

“ಇವರು ಅಂಟು. ನಾವು ಜಾರದ ಹಾಗೆ ಹಿಡಿದಿಡೋ ಅಂಟು, ಅಷ್ಟೇ.”

ಬಾಯಲ್ಲಿ ಅವರು ಕೊಟ್ಟ ಸಕ್ಕರೆ ಇನ್ನೂ ಕರಗಿರುತ್ತಿರಲಿಲ್ಲ. ಈ ಕತೆ ಹೇಳುವಾಗ ಪ್ರತಿ ಸಲ ಇಲ್ಲಿ ನನಗೆ ಮೈ ಉರಿಯುತ್ತೆ.

ಚುಕ್ಕಿಯವರ ಹಿರಿಯಳು ಚುಕ್ಕವ್ವ. ಅವಳಿಗೆ ಆ ಮಾತು ಕೇಳಿಸುತ್ತಿತ್ತು. “ಕೆಲಸ ಬಿದ್ದಿದೆ” ಎಂದು ತನ್ನವರನ್ನು ಕರೆದುಕೊಂಡು ಹೋಗಿಬಿಡುತ್ತಿದ್ದಳು.

ಒಂದು ದಿನ ನೀಲಿ ಜೇನು ಕೀಳಲು ಮರ ಹತ್ತಿದಳು. ಕೊಂಬೆ ಮುರಿಯಿತು. ಅವಳ ತಲೆ ಬಂಡೆಗೆ ಬಡಿಯಿತು.

ತಲೆಯೊಳಗೆ ಕೆಂಪುಹೊಳೆಯ ದಡ ಒಡೆಯಿತು. ಒಡೆದ ಜಾಗದಲ್ಲಿ ಉರಿ ಎದ್ದಿತು. ಅಲ್ಲಿದ್ದ ಮಿಂಚಿನವರು ಸುಟ್ಟುಹೋದರು.

“ನನಗಿನ್ನೂ ಹಸಿವಿದೆ. ಇಡೀ ಊರು ಬೇಕು” ಎಂದಿತು ಉರಿ.

ಉಳಿದ ಮಿಂಚಿನವರು ಓಡಿದರು. ಮಿಂಚಯ್ಯ ಎಲ್ಲರಿಗಿಂತ ಮುಂದೆ ಓಡಿದ.

ಚುಕ್ಕವ್ವ ಓಡಲಿಲ್ಲ. “ಕೈ ಕೈ ಹಿಡಿಯಿರಿ” ಎಂದಳು. ಚುಕ್ಕಿಯವರು ಉರಿಯ ಸುತ್ತ ಒತ್ತೊತ್ತಾಗಿ ನಿಂತರು. ಉರಿ ಬಂದು ಅವರಿಗೆ ಬಡಿಯಿತು. ಕೈ ಬಿಡಲಿಲ್ಲ. ಮತ್ತೆ ಬಡಿಯಿತು. ಕೈ ಬಿಡಲಿಲ್ಲ. ಮೈ ಸುಟ್ಟು, ಒರಟಾಗಿ, ಕಲ್ಲಿನಂತಾಯಿತು. ಆಗಲೂ ಕೈ ಬಿಡಲಿಲ್ಲ. ಒಂಬತ್ತು ದಿನ ಹೀಗೇ ನಿಂತರು. ಉರಿ ತಗ್ಗಿ ಕೆಂಡವಾಯಿತು.

ನೀಲಿ ಕಣ್ಣು ಬಿಟ್ಟಳು. ಬದುಕಿಕೊಂಡಳು. ಆದರೆ ಬಲಗೈ ಅರ್ಧಕ್ಕೇ ನಿಲ್ಲುತ್ತಿತ್ತು. ಹಣ್ಣು ನೋಡಿದರೆ ಬಾಯಿ ತೆರೆಯುತ್ತಿದ್ದಳು, ಮಾತು ಬರುತ್ತಿರಲಿಲ್ಲ.

ಆಗ ಮಿಂಚಯ್ಯ ಹಿಂದಿರುಗಿ ಬಂದು ಊರವರನ್ನು ಸೇರಿಸಿದ. “ನಮ್ಮ ದಾರಿಗೆ ಗೋಡೆ ಕಟ್ಟಿದವರು ಇವರು. ಸುದ್ದಿ ಆಚೆ ದಾಟುತ್ತಿಲ್ಲ. ನೀಲಿ ಮಾತು ಕಳೆದುಕೊಂಡಿದ್ದು ಈ ಅಂಟಿನವರಿಂದ. ಕೆಡವಿ ಗೋಡೆನ.”

ಮಿಂಚಿನವರೆಲ್ಲ ತಲೆಯಾಡಿಸಿದರು. ಒಬ್ಬರಾದರೂ ಉರಿಯ ಹೆಸರೆತ್ತಬೇಡವೇ? ಎತ್ತಲಿಲ್ಲ.

ಚುಕ್ಕವ್ವ ಗೋಡೆಯಿಂದಲೇ ಮಾತಾಡಿದಳು. “ಅಂಟು ಅಂದಿರಿ, ಕೇಳಿಸಿಕೊಂಡೆವು. ಸುಟ್ಟುಕೊಂಡವರು ನಾವು, ಈಗ ತಪ್ಪೂ ನಮ್ಮದೇ ಅಂತೀರಿ. ಇದನ್ನ ಕೇಳಿಸಿಕೊಂಡು ಸುಮ್ಮನಿರೋಲ್ಲ. ಮಿಂಚಯ್ಯ, ಕೆಡವಿ ಅಂದೆಯಲ್ಲ, ಬಾ. ನನ್ನ ಕೈ ನೀನೇ ಬಿಡಿಸು.”

ಮಿಂಚಯ್ಯ ಬಂದು ಅವಳ ಒಂದು ಬೆರಳು ಎಳೆದ. ಆ ಸಂದಿಯಿಂದ ಝಳ ನುಗ್ಗಿ ಅವನ ಮೀಸೆ ಸುಟ್ಟಿತು.

“ಮುಚ್ಚು, ಮುಚ್ಚು” ಎಂದು ಅವನು ಹಿಂದೆ ಸರಿದ.

ಆಗ ಕೆಂಪುಹೊಳೆ ಹೇಳಿತು: “ದಡ ಒಡೆದವಳು ನಾನು. ಸುಟ್ಟಿದ್ದು ಉರಿ. ನಮ್ಮಿಬ್ಬರನ್ನು ಯಾರೂ ಕೇಳಲಿಲ್ಲ. ತಡೆದವರನ್ನ ನಿಲ್ಲಿಸಿಕೊಂಡು ಕೇಳ್ತಿದ್ದೀರಿ. ನಿಮಗೆ ನಾಚಿಕೆ ಆಗೋಲ್ವಾ?”

ಮಿಂಚಯ್ಯ ಸಣ್ಣ ದನಿಯಲ್ಲಿ ಕೇಳಿದ: “ಹಾಗಾದರೆ ಸುದ್ದಿ ಹೋಗೋದು ಹೇಗೆ?”

“ಸುತ್ತಿಕೊಂಡು ಹೋಗು” ಎಂದಳು ಚುಕ್ಕವ್ವ. “ಅಲ್ಲಿ ದಾರಿಯಿಲ್ಲ, ಮಾಡಿಕೋಬೇಕು. ನಮ್ಮ ಮಕ್ಕಳು ಸಕ್ಕರೆ ಹಿಡಿದು ಉದ್ದಕ್ಕೂ ನಿಂತಿರ್ತಾರೆ. ಆದರೆ ಇಲ್ಲಿ ನಾವು ಕೈ ಬಿಡೋಲ್ಲ. ನೀನು ಕೇಳಿದರೂ ಬಿಡೋಲ್ಲ.”

ಮಿಂಚಯ್ಯ ತಪ್ಪಾಯಿತು ಎನ್ನಲಿಲ್ಲ. ಮರುದಿನ ಬೆಳಿಗ್ಗೆ ತನ್ನವರೊಂದಿಗೆ ಹೊರಟ, ಅಷ್ಟೇ. ಮೊದಲ ದಿನ ಅರ್ಧ ದಾರಿಯಲ್ಲಿ ಸೋತು ಬಿದ್ದ. ಚುಕ್ಕಿಯವರು ಉಣಿಸಿ ಎಬ್ಬಿಸಿದರು. ಮತ್ತೆ ಬಿದ್ದ, ಮತ್ತೆ ಎಬ್ಬಿಸಿದರು. ಎಷ್ಟೋ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೀಲಿ ಸೀಬೆಮರದ ಕೆಳಗೆ ನಿಂತು “ಹ... ಹಣ್ಣು” ಎಂದಳು. ಊರವರು ಮಿಂಚಯ್ಯನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಹೌದು, ಅವನನ್ನೇ. ಚುಕ್ಕವ್ವ ಅಲ್ಲೇ ನಿಂತಿದ್ದಳು, ಕೈ ಬಿಡದೆ.

ಅಂದಿನಿಂದ ಯಾರ ತಲೆಯೊಳಗೆ ಗಾಯವಾದರೂ ಚುಕ್ಕಿಯವರು ಹೀಗೆ ಗೋಡೆಯಾಗಿ ನಿಲ್ಲುತ್ತಾರೆ, ಸುದ್ದಿ ಸುತ್ತಿ ಬರಬೇಕಾಗುತ್ತದೆ. ಅದಕ್ಕೇ ಮಗಳೇ, ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ದರ್ಜಿ ಇಮಾಮ್ ಸಾಬರು ನಿನ್ನ ಹೆಸರು ಹೇಳಲು ಅಷ್ಟು ಹೊತ್ತು ತಡವರಿಸುತ್ತಾರೆ, ನೀವೆಲ್ಲ ನಿಂತು ನಗುತ್ತೀರಲ್ಲ, ಆಗ ಆ ಹೆಸರು ಸುತ್ತುದಾರಿಯಲ್ಲಿ ನಡೆದು ಬರುತ್ತಿರುತ್ತದೆ.