ಓರೆಯಾಗಿ ಹೊರಟ ಆಮೆ

ಮಕ್ಕಳೇ, ಕಾಡಿನಂಚಿನ ಒಂದು ಹೊಂಡದಲ್ಲಿ ಚಿಪ್ಪಣ್ಣ ಎಂಬ ಆಮೆ ಇದ್ದ. ಹಿಂದಿನ ಮಳೆಗಾಲದಲ್ಲಿ ನೀರುನಾಯಿಯೊಂದು ಅವನ ಮುಂದಿನ ಎಡಗಾಲನ್ನು ಕಚ್ಚಿಕೊಂಡು ಹೋಗಿತ್ತು. ಗಾಯವೇನೋ ಮಾಯಿತು. ಆದರೆ ಈಜಲು ಹೋದರೆ ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತಿದ್ದ. ಬೇರೆ ಆಮೆಗಳು ನೋಡುತ್ತವೆಂದು ನಾಚಿಕೆಯಾಗಿ, ಒಂದು ಬಂಡೆಯ ಪಕ್ಕ ಠಿಕಾಣಿ ಹೂಡಿದ.

ಜೊಂಡಿನಲ್ಲಿದ್ದ ಹುಂಡುಕೋಳಿ ಎಂಬ ನೀರುಹಕ್ಕಿ ನಾಗಕ್ಕನಿಗೆ ಅವನನ್ನು ಕಂಡರೆ ಕರುಳು ಚುರುಕ್ ಎನ್ನುತ್ತಿತ್ತು. ದಿನಾ ಬಸವನಹುಳು ಹಿಡಿದು ತಂದು ಅವನ ಬಾಯಿಗೇ ಇಡುತ್ತಿದ್ದಳು. ಮನಸ್ಸು ಬೆಣ್ಣೆಯಂಥದ್ದು, ನಿಜ. ಆದರೆ ಬೇರೆಯವರು ಮಾಡಬೇಕಾದ್ದನ್ನೂ ತಾನೇ ಮಾಡಿಬಿಡುವ ಚಟ ಅವಳಿಗೆ. ಕೂತು ಕೂತು ಚಿಪ್ಪಣ್ಣನ ಉಳಿದ ಮೂರು ಕಾಲುಗಳೂ ಸೋತುಹೋದವು.

ಬೇಸಿಗೆ ಬಂತು, ಹೊಂಡ ಬತ್ತತೊಡಗಿತು. ಬಯಲಿನಾಚೆಯ ದೊಡ್ಡ ಕೆರೆಗೆ ಎಲ್ಲ ಆಮೆಗಳೂ ನಡೆದೇ ಹೋಗಬೇಕು; ಉಳಿದವರನ್ನು ಹುಡುಕಿಕೊಂಡು ನರಿ ಬರುತ್ತದೆ. ಆಮೆಯನ್ನು ಹೊರುವ ಶಕ್ತಿ ನಾಗಕ್ಕನಿಗೆಲ್ಲಿ?

ಚಿಪ್ಪಣ್ಣ ಅಂದೇ ಹಟ ಹಿಡಿದು ದಡದುದ್ದಕ್ಕೂ ನಡೆದ. ಭುಜ ಊದಿಕೊಂಡು ಮರುದಿನ ಏಳಲಾಗಲಿಲ್ಲ. ಸುಮ್ಮನೆ ಬಿದ್ದಿರು ಅಂತ ಬಡಕೊಂಡೆನಲ್ಲ ಎಂದು ಗೊಣಗುತ್ತಾ ನಾಗಕ್ಕ ಮತ್ತೆ ಹುಳು ತಂದಳು.

"ಅಕ್ಕ, ಬಾಯಿಗಿಡಬೇಡ," ಎಂದ ಚಿಪ್ಪಣ್ಣ. "ಊತ ಇಳಿದ ಮೇಲೆ ಅಗೋ, ಆ ಕಲ್ಲಿನ ಹತ್ತಿರ ಇಡು. ನಾನೇ ಹೋಗ್ತೀನಿ. ಮಾರನೇ ದಿನ ಇನ್ನೊಂಚೂರು ದೂರ ಇಡು."

"ನೀನು ಒದ್ದಾಡೋದನ್ನ ನನ್ನಿಂದ ನೋಡೋಕಾಗಲ್ಲ ಕಣೋ."

"ಹಾಗಾದ್ರೆ ಆ ಕಡೆ ತಿರುಗಿ ನಿಂತ್ಕೋ."

ಸ್ವಲ್ಪ ನಡೆಯುವುದು, ಸುಸ್ತಾದರೆ ಕೂರುವುದು, ಮತ್ತೆ ನಡೆಯುವುದು. ಇದೇ ಅವನ ದಿನಚರಿಯಾಯಿತು. ಆದರೆ ಎಷ್ಟು ನೇರವಾಗಿ ಹೊರಟರೂ ಹುಳುವಿನ ಎಡಕ್ಕೆ ಹೋಗಿ ಮುಟ್ಟುತ್ತಿದ್ದ. ಬಲಗಡೆ ಎರಡು ಕಾಲು ನೂಕುತ್ತವೆ, ಎಡಗಡೆ ಒಂದೇ. ಮೈ ಎಡಕ್ಕೆ ಎಳೆಯದೆ ಇನ್ನೇನು? ಒಂದು ದಿನ ರೋಸಿಹೋಗಿ, ಬೇಕೆಂದೇ ಹುಳುವಿನ ಬಲಕ್ಕೆ ಮುಖಮಾಡಿ ಹೊರಟ. ಸರಿಯಾಗಿ ಹುಳುವಿನ ಮುಂದೆಯೇ ಬಂದು ನಿಂತ.

ಹೊಂಡ ಕೆಸರಾದ ದಿನ ಆಮೆಗಳೆಲ್ಲ ಕೆರೆದಂಡೆಯ ಹೊಂಗೆಮರ ನೋಡಿಕೊಂಡು ಹೊರಟವು. ಚಿಪ್ಪಣ್ಣ ಮಾತ್ರ ಬಲಕ್ಕಿದ್ದ ಹುತ್ತದ ಕಡೆ ಹೊರಟ. ನಾಗಕ್ಕ ಗಾಬರಿಯಿಂದ ಓಡಿಬಂದು ಅಡ್ಡ ನಿಂತಳು. ಕೊಕ್ಕಿನಿಂದ ಅವನ ಚಿಪ್ಪನ್ನು ಎಡಕ್ಕೆ ನೂಕತೊಡಗಿದಳು.

"ದಾರಿ ತಪ್ಪಿದ್ದೀಯ ಕಣೋ. ಮರ ಆ ಕಡೆ ಇದೆ."

"ಮರದ ಕಡೆ ಮುಖ ಮಾಡಿದ್ರೆ ಎಡಗಡೆಯ ಕಲ್ಲುಗುಂಡಿಗೆ ಬೀಳ್ತೀನಿ, ಅಕ್ಕ. ನಡೀತಿರೋದು ನನ್ನ ಕಾಲು, ಅದರ ಗುಣ ನನಗೆ ಗೊತ್ತು. ನೀನು ಪಕ್ಕಕ್ಕೆ ಸರಿ."

ನಾಗಕ್ಕನಿಗೆ ಅರ್ಥವಾಗಲಿಲ್ಲ. ಆದರೂ ಮೊದಲ ಬಾರಿಗೆ ಸರಿದು ನಿಂತಳು. ಆಮೇಲೆ ಅವನ ಪಕ್ಕದಲ್ಲೇ ನಡೆದಳು.

ಬಿಸಿಲು ಸುಡುತ್ತಿತ್ತು. ಪೊದೆ ಸಿಕ್ಕಲ್ಲಿ ಚಿಪ್ಪಣ್ಣ ಕೂತ, ಮತ್ತೆ ಎದ್ದ. ಹುತ್ತ ಮೆಲ್ಲಗೆ ಬಲಕ್ಕೆ ಸರಿಯಿತು, ಹೊಂಗೆಮರ ಎದುರಿಗೆ ಬಂತು. ಎಲ್ಲರಿಗಿಂತ ತಡವಾಗಿ, ಸಂಜೆಯ ಹೊತ್ತಿಗೆ, ಕೆರೆಯ ನೀರು ಅವನ ಮೂತಿಗೆ ತಾಗಿತು. ನಾಗಕ್ಕ ಅತ್ತೇಬಿಟ್ಟಳು. ದಡದ ತುಂಬ ಆಮೆಗಳು ನೋಡುತ್ತಿದ್ದವು. ಚಿಪ್ಪಣ್ಣ ಯಾರ ಕಡೆಗೂ ನೋಡದೆ ನೀರಿಗಿಳಿದು, ಅಲ್ಲೂ ಆಗಾಗ ಬಲಕ್ಕೆ ಮುಖ ತಿರುಗಿಸಿಕೊಳ್ಳುತ್ತಾ, ಕೆರೆಯ ನಡುವಿನವರೆಗೂ ಈಜಿಕೊಂಡು ಹೋದ.

ನೀತಿ: ತನ್ನ ಮೈಗೆ ಒಗ್ಗುವ ರೀತಿಯಲ್ಲಿ ದಿನವೂ ಸ್ವಲ್ಪ ಸ್ವಲ್ಪ ನಡೆಯುವವನು ಬಲ ಗಳಿಸುತ್ತಾನೆ, ಅವನನ್ನು ಪ್ರೀತಿಸುವವರು ದಾರಿ ಬಿಟ್ಟು ಜೊತೆಗೆ ನಡೆದರೆ ಸಾಕು.