ಹಲ್ಲು ಕಚ್ಚಿದ ಬಾಯಿ

ಕಪಿಲೆಯ ದಂಡೆಯಲ್ಲಿದ್ದ ಆ ಆಶ್ರಮದಲ್ಲಿ ಹನ್ನೊಂದು ಹಾಸಿಗೆಗಳಿದ್ದವು.

ಮನೆಯಲ್ಲಿ ನೋಡಿಕೊಳ್ಳಲಾಗದ ರೋಗಿಗಳನ್ನು ಸುತ್ತಲಿನ ಊರುಗಳವರು ಅಲ್ಲಿಗೆ ಕರೆತರುತ್ತಿದ್ದರು. ಅವರ ಆರೈಕೆ ಮಾಡುವುದೇ ಅಲ್ಲಿನ ವಿದ್ಯೆ. ಅದನ್ನು ಕಲಿಸುತ್ತಿದ್ದವರು ಚಂಪಕಮ್ಮ ಎಂಬ ವಯಸ್ಸಾದ ಹೆಂಗಸು.

ಮರಿದೇವ ಅವರ ಶಿಷ್ಯನಾಗಿ ಎರಡು ವರ್ಷವಾಗಿತ್ತು. ಗಾಯ ತೊಳೆಯುವುದು, ಕಟ್ಟು ಕಟ್ಟುವುದು, ಮಲಗಿದವರನ್ನು ಏಳಿಸದೆಯೇ ಕೆಳಗಿನ ಬಟ್ಟೆ ಬದಲಿಸುವುದು ಎಲ್ಲವೂ ಅವನಿಗೆ ಕರಗತವಾಗಿತ್ತು. ಅವನು ನೋಡಿಕೊಂಡ ಒಬ್ಬರಿಗೂ ಬೆನ್ನಿನಲ್ಲಿ ಹುಣ್ಣು ಎದ್ದಿರಲಿಲ್ಲ.

ಆಶ್ರಮಕ್ಕೆ ಒಂದು ನಿಯಮವಿತ್ತು. ರೋಗಿಯ ಮೈ ಮುಟ್ಟಿ ಸೇವೆ ಮಾಡುವಷ್ಟು ಹೊತ್ತು ಯಾರೂ ಮಾತಾಡಬಾರದು. ಮರಿದೇವ ಅದನ್ನು ಒಂದು ದಿನವೂ ಮುರಿದವನಲ್ಲ.

ಒಂದು ಶನಿವಾರ ಏಳನೆಯ ಹಾಸಿಗೆಗೆ ಬುಡನ್ ಸಾಹೇಬರು ಬಂದರು. ಊರೂರು ತಿರುಗಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದವರು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತು ನಿಂತಿತ್ತು. ಎಡಗೈಯ ಬೆರಳುಗಳು ಆಡುತ್ತಿದ್ದವು, ಕೈ ಎತ್ತುವಷ್ಟು ತ್ರಾಣವಿರಲಿಲ್ಲ.

ವೈದ್ಯರು ಬಂದು ಗಂಟಲು ನೋಡಿದರು. ನುಂಗಲು ತೊಂದರೆಯಿಲ್ಲ, ದಿಂಬು ಕೊಟ್ಟು ಕೂರಿಸಿ ಗಂಜಿ ಕೊಡಿ ಎಂದರು.

ಆದರೆ ತುಟಿಗೆ ಚಮಚ ತಾಗಿದರೆ ಸಾಕು, ಸಾಹೇಬರು ಹಲ್ಲು ಕಚ್ಚುತ್ತಿದ್ದರು. ಒದ್ದೆ ಬಟ್ಟೆಯಿಂದ ತುಟಿ ನೆನೆಸಿದಾಗ ಒಳಗಿಳಿದ ನೀರಷ್ಟೇ ಹೊಟ್ಟೆಗೆ.

ಬುಧವಾರ ಮರಿದೇವ ಬೆರಳಿನಿಂದ ತುಟಿ ಸರಿಸಿ, ಚಮಚದ ಹಿಡಿಯನ್ನು ಹಲ್ಲಿನ ಸಂದಿಗೆ ತೂರಿಸಿ, ಗಂಜಿ ಸುರಿದ. ಸಾಹೇಬರು ಕೆಮ್ಮಿ ಕೆಮ್ಮಿ ಉಸಿರಿಗೆ ಒದ್ದಾಡಿದರು. ಗಂಜಿ ಎದೆಯ ಮೇಲೆ ಚೆಲ್ಲಿತು. ತುಟಿಯಲ್ಲಿ ರಕ್ತ ಬಂತು.

ಆಗ ಅವರ ಹೆಂಡತಿ ಜೈನಬಿ ಬಾಗಿಲಲ್ಲಿ ನಿಂತಿದ್ದಳು.

"ಗಂಜಿ ಕುಡಿಸ್ತಿದೀಯೋ, ಕುದುರೆಗೆ ಕಡಿವಾಣ ಹಾಕ್ತಿದೀಯೋ?"

ಮರಿದೇವ ತಲೆ ಎತ್ತದೆ ಸಾಹೇಬರ ಎದೆ ಒರೆಸುತ್ತಿದ್ದ.

"ನಿನ್ನನ್ನೇ ಕೇಳಿದ್ದಪ್ಪ. ಇಲ್ಲಿ ಇಬ್ಬರಿಗೂ ಮಾತು ಹೋಗಿದೆಯಾ?"

ಅವನು ಒರೆಸಿ ಮುಗಿಸಿ, ಕೈ ತೊಳೆದು, ಹೊರಗೆ ಬಂದ ಮೇಲೆ ಹೇಳಿದ. "ಸೇವೆಯ ಹೊತ್ತಿನಲ್ಲಿ ಮಾತಾಡೋ ಹಾಗಿಲ್ಲ, ತಾಯಿ."

"ನಮ್ಮ ಯಜಮಾನ್ರು ಎತ್ತಿನ ಹತ್ರಾನೂ ಮಾತಾಡ್ತಿದ್ರು. ಲಾಳ ಕಟ್ಟೋಕೆ ಹಗ್ಗ ಹಾಕಿ ಕೆಡವೋ ಮುಂಚೆ ಬೆನ್ನು ಸವರಿ, 'ಸ್ವಲ್ಪ ಮಲಗ್ತೀಯೇನಪ್ಪ' ಅಂತ ಕೇಳೋರು. ಅದು ತಲೆ ತಗ್ಗಿಸೋ ತನಕ ಹಗ್ಗ ಮುಟ್ತಿರಲಿಲ್ಲ. ರೈತರು ಬಯ್ಯೋರು, 'ಸಾಹೇಬರೇ, ಲಾಳ ಕಟ್ಟೋಕೆ ಬಂದ್ರೋ, ಹೆಣ್ಣು ಕೇಳೋಕೆ ಬಂದ್ರೋ' ಅಂತ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಶುಕ್ರವಾರದ ತನಕ ನೋಡ್ತೀನಿ. ಆಮೇಲೆ ಗಾಡಿ ತರ್ತೀನಿ. ಸಾಯೋದೇ ಆದರೆ ಮನೇಲಿ ಸಾಯಲಿ."

ಮರಿದೇವ ಚಂಪಕಮ್ಮನವರ ಬಳಿಗೆ ಹೋದ. ಅವರು ಹಳೆಯ ಪಂಚೆಯನ್ನು ಕಟ್ಟು ಕಟ್ಟಲೆಂದು ಉದ್ದುದ್ದ ಹರಿಯುತ್ತಿದ್ದರು.

"ಅಮ್ಮಾ, ಏಳನೆಯ ಹಾಸಿಗೆಯವರು ಹಠ ಹಿಡಿದಿದ್ದಾರೆ. ಅವರಿಗೆ ಬದುಕೋ ಮನಸ್ಸಿಲ್ಲ."

"ಅವರು ಹಾಗಂದರಾ?"

"ಅವರಿಗೆ ಮಾತಿಲ್ಲವಲ್ಲಮ್ಮಾ."

"ಹಾಗಾದರೆ ಅಂದವನು ನೀನು."

ಅವರು ಮತ್ತೆ ಬಟ್ಟೆ ಹರಿಯತೊಡಗಿದರು.

ಮರುದಿನ ಬೆಳಿಗ್ಗೆ ಮರಿದೇವ ಎಂದಿನಂತೆ ಹೊಳೆಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ.

ತಣ್ಣನೆಯದೇನೋ ತುಟಿಗೆ ತಾಗಿ ಒಳಗೆ ನುಗ್ಗಿತು. ಅವನ ಹಲ್ಲುಗಳು ಬಿಗಿದುಕೊಂಡವು. ಮುಖ ಪಕ್ಕಕ್ಕೆ ತಿರುಗಿತು. ಗಲ್ಲದಿಂದ ಕುತ್ತಿಗೆಗೆ ಏನೋ ಇಳಿಯಿತು.

ಕಣ್ಣು ಬಿಟ್ಟರೆ ಎದುರಿಗೆ ಚಂಪಕಮ್ಮ. ಕೈಯಲ್ಲಿ ಚಮಚ, ಬಟ್ಟಲು.

"ಇದೇನಮ್ಮಾ ಇದು!"

"ಗಂಜಿ."

"ಒಂದು ಮಾತು ಹೇಳಬಾರದಿತ್ತಾ?"

"ಸೇವೆಯ ಹೊತ್ತಿನಲ್ಲಿ ಮಾತಾಡೋ ಹಾಗಿಲ್ಲ."

ಮರಿದೇವ ಅವರ ಕೈಯ ಚಮಚ ನೋಡಿದ.

"ನಿನಗೆ ಹಸಿವಿರಲಿಲ್ಲವಾ?"

"ಇತ್ತು."

"ಸಾಯಬೇಕು ಅನ್ನಿಸಿತ್ತಾ?"

"ಇಲ್ಲಮ್ಮಾ."

"ಮತ್ತೆ ಯಾಕೆ ಹಲ್ಲು ಕಚ್ಚಿದೆ?"

"ನಾನು ಕಚ್ಚಲಿಲ್ಲ. ಅದೇ ಕಚ್ಚಿಕೊಂಡಿತು."

ಅವರು ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕುಳಿತರು. ಮರಿದೇವ ಕುತ್ತಿಗೆ ಒರೆಸಿಕೊಂಡ. ಆಮೇಲೆ ಕೇಳಿದ.

"ಆ ನಿಯಮ ಮಾಡಿದ್ದು ನೀವೇ ಅಲ್ಲವಾ?"

"ನಾನೇ. ಆಗ ಇಲ್ಲಿ ಇಬ್ಬರು ಶಿಷ್ಯರಿದ್ದರು. ರೋಗಿಯನ್ನು ಅತ್ತ ಇತ್ತ ಹೊರಳಿಸುತ್ತಾ, ಅವರ ಮೈಮೇಲೆ ಬಾಗಿಕೊಂಡೇ ಸಂತೆಯಲ್ಲಿ ನಡೆದ ಜಗಳದ ಮಾತಾಡೋರು. ಬಾಯಿ ಮುಚ್ಚಿ ಅಂದೆ."

"ಅವರೀಗ ಎಲ್ಲಿದ್ದಾರೆ?"

"ಅವರು ಹೋಗಿ ಹದಿನಾರು ವರ್ಷವಾಯಿತು. ನಿಯಮ ಮಾತ್ರ ಇಲ್ಲೇ ಉಳೀತು. ತಪ್ಪು ನಂದು. ಎದ್ದೇಳು, ಅಲ್ಲಿ ಒಬ್ಬರು ಹಸಿದಿದ್ದಾರೆ."

ಮರಿದೇವ ಬಿಸಿ ಗಂಜಿ ತೆಗೆದುಕೊಂಡು ಏಳನೆಯ ಹಾಸಿಗೆಗೆ ಬಂದ. ದಿಂಬು ಕೊಟ್ಟು ಸಾಹೇಬರನ್ನು ಕೂರಿಸಿದ. ಎರಡು ವರ್ಷದಲ್ಲಿ ಮೊದಲ ಸಲ ಸೇವೆಯ ಹೊತ್ತಿನಲ್ಲಿ ಬಾಯಿ ತೆರೆದ.

"ಸಾಹೇಬರೇ, ಗಂಜಿ ಕುಡಿಸ್ತೀನಿ."

ಮಾತು ಮುಗಿಯುವುದರೊಳಗೆ ಚಮಚ ತುಟಿಯ ಬಳಿ ಇತ್ತು. ಹಲ್ಲು ಬಿಗಿಯಿತು.

ಬಾಗಿಲಲ್ಲಿ ಚಂಪಕಮ್ಮ ನಿಂತಿದ್ದರು.

"ಹೇಳಿದೆನಲ್ಲಮ್ಮಾ. ಆದರೂ ಕಚ್ಚಿದರು."

"ಹೇಳಿದೆ. ಕೊಡಲಾ ಅಂತ ಕೇಳಲಿಲ್ಲ."

ಅವರು ಹೊರಟುಹೋದರು.

ಮರಿದೇವ ಚಮಚವನ್ನು ಬಟ್ಟಲಿಗೆ ಹಾಕಿದ. ಅವನಿಗೆ ಜೈನಬಿಯ ಮಾತು ನೆನಪಾಯಿತು, ಮುಟ್ಟದೆ ಉಳಿಯುತ್ತಿದ್ದ ಹಗ್ಗವೂ. ಇಷ್ಟು ದಿನ ನಿಂತುಕೊಂಡೇ ಗಂಜಿ ಕೊಡುತ್ತಿದ್ದವನು ಈಗ ಮಣೆ ಎಳೆದು ಹಾಸಿಗೆಯ ಎಡಕ್ಕೆ ಕುಳಿತ. ಸಾಹೇಬರ ಕಣ್ಣು ಕಂಡಿತು. ಬಣ್ಣ ಕಂದು ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ರಾಗಿ ಗಂಜಿ, ಸಾಹೇಬರೇ. ಉಪ್ಪು ಹಾಕಿದೆ. ಒಂದು ಚಮಚ ಕೊಡಲಾ? ಬೇಕಿದ್ದರೆ ಬೆರಳು ಎತ್ತಿ. ನಾನು ಇಲ್ಲೇ ಕೂತಿರ್ತೀನಿ."

ಬೆರಳು ಎತ್ತಲಿಲ್ಲ. ಗಂಜಿಯ ಮೇಲೆ ಕೆನೆ ಕಟ್ಟಿತು. ಮರಿದೇವ ಕಾದ. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು, ಅದೂ ನಿಂತಿತು.

ಕೊನೆಗೆ ಬಟ್ಟಲನ್ನು ಕೆಳಗಿಟ್ಟ. ಅವನು ಅಲ್ಲಿ ಕಲಿತ ಕೆಲಸಗಳಲ್ಲಿ ಅದಕ್ಕಿಂತ ಕಷ್ಟದ್ದು ಯಾವುದೂ ಇರಲಿಲ್ಲ.

"ಆಗಲಿ. ಸಾಯಂಕಾಲ ಮತ್ತೆ ಕೇಳ್ತೀನಿ."

ಸಾಯಂಕಾಲ ಕೇಳಿದ. ಬೆರಳು ಎತ್ತಲಿಲ್ಲ. ಮಗ್ಗುಲು ಬದಲಿಸಲಾ ಎಂದು ಕೇಳಿದ. ತುಸು ಹೊತ್ತಾದ ಮೇಲೆ ತೋರುಬೆರಳು ಹಾಸಿಗೆಯಿಂದ ಒಂದು ಕಾಳಿನಷ್ಟು ಮೇಲೆದ್ದಿತು. ಬದಲಿಸಿದ. ಇಷ್ಟು ದಿನ ಮುಟ್ಟಿದೊಡನೆ ಸೆಟೆಯುತ್ತಿದ್ದ ಮೈ ಆ ದಿನ ಸೆಟೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಶ್ರಮದ ಎದುರು ಗಾಡಿ ಬಂದು ನಿಂತಿತು. ಜೈನಬಿ ಒಳಗೆ ಬಂದು ಗಂಡನ ಕಾಲ ಬಳಿ ನಿಂತಳು.

ಮರಿದೇವ ಮಣೆಯ ಮೇಲೆ ಕುಳಿತಿದ್ದ.

"ಸಾಹೇಬರೇ, ನಿಮ್ಮ ಮನೆಯವರು ಬಂದಿದ್ದಾರೆ. ನಿಮ್ಮನ್ನ ಕರ್ಕೊಂಡು ಹೋಗೋಕೆ ಗಾಡಿ ಬಂದಿದೆ. ಗಂಜಿ ಬಿಸಿಯಾಗಿದೆ. ಒಂದು ಚಮಚ ಕೊಡಲಾ?"

ಜೈನಬಿ ಏನೋ ಹೇಳಹೋದಳು. ಅವನು ಅವಳ ಕಡೆ ತಿರುಗಲಿಲ್ಲ.

ಬೆರಳು ಎದ್ದಿತು.

ಬಾಯಿ ತಾನಾಗಿ ತೆರೆಯಿತು. ಒಂದು ಚಮಚ ಒಳಗೆ ಹೋಯಿತು. ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನೋಡಿಕೊಂಡು ಮರಿದೇವ ಮತ್ತೆ ಕೇಳಿದ. ಮತ್ತೆ ಬೆರಳು ಎದ್ದಿತು. ಹೀಗೆ ಆರು ಚಮಚ.

ಏಳನೆಯದಕ್ಕೆ ಸಾಹೇಬರು ತುಟಿ ಮುಚ್ಚಿದರು.

"ಇನ್ನೊಂದು ಹಾಕಪ್ಪ," ಜೈನಬಿ ಅವನ ಹೆಗಲು ಹಿಡಿದಳು. "ಈಗ ಬಿಡಬೇಡ. ಹಾಕು."

ಮರಿದೇವ ಬಟ್ಟಲನ್ನು ಕೆಳಗಿಟ್ಟ. "ಬಾಯಿ ಒರೆಸಲಾ, ಸಾಹೇಬರೇ?" ಎಂದ.

ಜೈನಬಿ ಹೊರಗೆ ಹೋಗಿ ಗಾಡಿಯವನಿಗೆ ಎತ್ತು ಬಿಚ್ಚಲು ಹೇಳಿದಳು.

ಮರಿದೇವ ಬಟ್ಟಲು ಹಿಡಿದುಕೊಂಡು ಚಂಪಕಮ್ಮನವರ ಬಳಿಗೆ ಬಂದ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಜಿ ಉಳಿದಿತ್ತು.

"ಆರು ಚಮಚ ಕುಡಿದರಮ್ಮಾ. ಆಮೇಲೆ ಬೇಡ ಅಂದರು. ಇನ್ನು ನಾಲ್ಕಾದರೂ ಹೋಗಿದ್ದರೆ ಚೆನ್ನಾಗಿತ್ತು."

"ಬೇಡ ಅಂದಾಗ ನೀನೇನು ಮಾಡಿದೆ?"

"ಬಿಟ್ಟೆ."

ಚಂಪಕಮ್ಮ ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡರು.

"ಹೋಗು, ಬೇರೆ ಗಂಜಿಗೆ ಒಲೆ ಹಚ್ಚು. ಬೇಡ ಅಂದದ್ದು ನಿನಗೆ ಕೇಳಿಸಿತು ಅಂತ ಅವರಿಗೆ ಗೊತ್ತಾದ ಮೇಲೆ, ಹಸಿವು ತಾನಾಗಿ ಬರುತ್ತೆ."